ಮನೆಯಲ್ಲೇ ಮಾಡಿದ ಕೇಕ್ ನಾಯಿಗೆ ಒಗ್ಗುತ್ತದೆಯೇ?

ನಾಯಿಯ ಹುಟ್ಟುಹಬ್ಬಕ್ಕೆ ಕೇಕ್ ಮಾಡುವವರನ್ನು ಕಂಡು ನಗುವ ಕಾಲ ಹೋಯಿತು. ಬೆಂಗಳೂರಿನಲ್ಲಿ ನಾಯಿಗೆಂದೇ ಕೇಕ್ ಮಾಡಿಕೊಡುವ ಬೇಕರಿಗಳಿವೆ. ಅಂಗಡಿಯದ್ದು ಯಾಕೆ, ಕೈಯಾರೆ ಮಾಡೋಣ ಎಂದು ಹೊರಡುವವರ ಪ್ರೀತಿ ದೊಡ್ಡದು. ಆದರೆ ಅವರಲ್ಲಿ ಹಲವರು ಒಂದು ನಂಬಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ: ಮನೆಯಲ್ಲಿ ಮಾಡಿದ್ದು, ನಾವೂ ತಿನ್ನುವಂಥದ್ದು, ನಾಯಿಗೆ ಏನಾದೀತು? ಆಗುತ್ತದೆ. ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿ, ಅದರಲ್ಲೂ ಆರೋಗ್ಯಕ್ಕೆ ಒಳ್ಳೆಯದೆಂದು ದುಡ್ಡು ಕೊಟ್ಟು ತಂದಿಟ್ಟ ಡಬ್ಬಿಗಳಲ್ಲಿ, ನಾಯಿಯ ಜೀವಕ್ಕೇ ಎರವಾಗುವ ಪದಾರ್ಥಗಳಿವೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಸಕ್ಕರೆರಹಿತ ಸಿಹಿಯ ವಿಚಾರ. "ಸಕ್ಕರೆ ಕೆಟ್ಟದ್ದು, ಅದರ ಬದಲು ಡಯಾಬಿಟಿಸ್ ಇರುವವರು ಬಳಸುವ ಪುಡಿ ಹಾಕಿದೆ" ಎನ್ನುವವರಿದ್ದಾರೆ. ಅಂಥ ಪುಡಿಗಳಲ್ಲಿ ಕೆಲವಕ್ಕೆ ಕ್ಸೈಲಿಟಾಲ್ ಎಂಬ ಸಿಹಿಕಾರಕ ಸೇರಿರುತ್ತದೆ. ಮನುಷ್ಯನ ದೇಹ ಅದಕ್ಕೆ ಹೆಚ್ಚೇನೂ ಇನ್ಸುಲಿನ್ ಬಿಡುವುದಿಲ್ಲ. ನಾಯಿಯ ಮೇದೋಜ್ಜೀರಕ ಗ್ರಂಥಿ ಮಾತ್ರ ಅದನ್ನು ಸಕ್ಕರೆಯೆಂದೇ ಎಣಿಸಿ ಒಮ್ಮೆಲೇ ಇನ್ಸುಲಿನ್ ಸುರಿಸಿಬಿಡುತ್ತದೆ. ರಕ್ತದ ಸಕ್ಕರೆ ಕುಸಿದು, ಎಷ್ಟೋ ಸಲ ಒಂದು ಗಂಟೆಯೊಳಗೇ ನಾಯಿ ತೂರಾಡುತ್ತದೆ, ವಾಂತಿ ಮಾಡುತ್ತದೆ, ಫಿಟ್ಸ್ ಬರುತ್ತದೆ. ತೂಕದ ಪ್ರತಿ ಕೆಜಿಗೆ 0.1 ಗ್ರಾಂ ಸಾಕು, ಅಪಾಯ ಶುರು. ಅಂದರೆ 10 ಕೆಜಿ ನಾಯಿಗೆ ಒಂದು ಗ್ರಾಂ, ಕಾಲು ಟೀ ಚಮಚದಷ್ಟು. ಕೆಜಿಗೆ ಅರ್ಧ ಗ್ರಾಂ ದಾಟಿದರೆ ಲಿವರೇ ಕೆಡಬಹುದು. ನಾಯಿ ಕೇಕಿಗೆ ಬಹಳ ಜನ ಹಾಕುವ ಪೀನಟ್ ಬಟರ್‌ನ ಕೆಲವು ಸಕ್ಕರೆರಹಿತ ಬಗೆಗಳಲ್ಲೂ ಇದು ಇರುತ್ತದೆ. ಡಬ್ಬಿಯ ಹಿಂಬದಿ ತಿರುಗಿಸಿ ಓದಿ: ಕ್ಸೈಲಿಟಾಲ್, ಬರ್ಚ್ ಶುಗರ್, ಅಥವಾ ಬರೀ ಐಎನ್‌ಎಸ್ 967 ಎಂದು ಬರೆದಿರಬಹುದು. ಮೂರೂ ಒಂದೇ. ಮನೆಯಲ್ಲೇ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜವನ್ನು ಉಪ್ಪಿಲ್ಲದೆ ಮಿಕ್ಸಿಗೆ ಹಾಕಿಕೊಂಡರೆ ಈ ಚಿಂತೆಯೇ ಇಲ್ಲ.

ಸರಿ, ಹಾಗಿದ್ದರೆ ಬೆಲ್ಲ, ಜೇನುತುಪ್ಪ? ಅವು ವಿಷವಲ್ಲ, ಆದರೆ ನಾಯಿಗೆ ಬೇಕಾಗಿಯೂ ಇಲ್ಲ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ನಮ್ಮ ನಾಲಿಗೆಯಲ್ಲಿ ಸುಮಾರು 9,000 ರುಚಿಮೊಗ್ಗುಗಳಿದ್ದರೆ ನಾಯಿಗಿರುವುದು ಸುಮಾರು 1,700. ಸಿಹಿ ಅದಕ್ಕೆ ಗೊತ್ತಾಗುತ್ತದೆ ನಿಜ, ಆದರೆ ತಿನ್ನುವ ಆಸೆ ಹುಟ್ಟಿಸುವುದು ಮುಖ್ಯವಾಗಿ ವಾಸನೆ. ಬೇಯಿಸಿದ ಕೋಳಿ ಈಲಿಯ ಒಂದು ಚೂರನ್ನು ಹಿಸುಕಿ ಹಿಟ್ಟಿಗೆ ಬೆರೆಸಿ, ಉಗುರುಬೆಚ್ಚಗೆ ಮುಂದಿಟ್ಟು ನೋಡಿ. ಸಿಹಿ ಯಾರಿಗೂ ನೆನಪಾಗುವುದಿಲ್ಲ.

ಸಿಹಿ ಕೊಟ್ಟರೆ ನಾಯಿಗೆ ಹೊಟ್ಟೆಹುಳ ಆಗುತ್ತದೆ, ಕೂದಲು ಉದುರುತ್ತದೆ ಎಂದು ಮನೆಯ ಹಿರಿಯರು ಹೇಳುವುದುಂಟು. ಕೊಡಬೇಡಿ ಎನ್ನುವ ಮಾತು ಸರಿ, ಕಾರಣ ತಪ್ಪು. ಹುಳ ಬರುವುದು ಹುಳದಿಂದಲೇ: ತಾಯಿಯ ಗರ್ಭದಲ್ಲಿ ಮತ್ತು ಹಾಲಿನ ಮೂಲಕ ಮರಿಗೆ, ಮಣ್ಣಿನಲ್ಲಿರುವ ಮೊಟ್ಟೆಗಳಿಂದ, ಲಾಡಿಹುಳವಾದರೆ ಚಿಗಟ ನುಂಗುವುದರಿಂದ. ಕಜ್ಜಿ ಹಿಡಿದು ಕೂದಲು ಹೋಗುವುದು ಹೆಚ್ಚಾಗಿ ಚರ್ಮದ ನುಸಿಗಳಿಂದ. ಈ ತಪ್ಪು ಕಾರಣಕ್ಕೆ ಜೋತುಬಿದ್ದವರು ಸಿಹಿ ನಿಲ್ಲಿಸಿ ಸುಮ್ಮನಾಗುತ್ತಾರೆ, ಹುಳದ ಮಾತ್ರೆ ಮರೆಯುತ್ತಾರೆ. ನನಗೆ ಬೇಸರವಾಗುವುದು ಅದಕ್ಕೆ.

"ನಮ್ಮ ನಾಯಿ ಒಣದ್ರಾಕ್ಷಿ ತಿಂದಿತ್ತು, ಏನೂ ಆಗಲಿಲ್ಲ." ಇದನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ. ದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನು ಎರಡು ಮೂರು ದಿನಗಳಲ್ಲಿ ಕೆಡಿಸುತ್ತದೆ, ಕೆಲವಕ್ಕೆ ಏನೂ ಮಾಡುವುದಿಲ್ಲ. ಹೀಗೇಕೆ ಎಂಬುದು ಬಹಳ ಕಾಲ ಪಶುವೈದ್ಯರಿಗೂ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ವಿಷವೈದ್ಯರು ಒಂದು ಸುಳಿವು ಮುಂದಿಟ್ಟರು. ಕ್ರೀಮ್ ಆಫ್ ಟಾರ್ಟರ್ ಬೆರೆಸಿದ ಆಟದ ಹಿಟ್ಟನ್ನು ತಿಂದ ನಾಯಿಗೂ ದ್ರಾಕ್ಷಿ ತಿಂದ ನಾಯಿಗಳಂತೆಯೇ ಕಿಡ್ನಿ ಕೆಟ್ಟಿತ್ತು. ಎರಡರಲ್ಲೂ ಇದ್ದದ್ದು ಟಾರ್ಟಾರಿಕ್ ಆಮ್ಲ. ಈ ಆಮ್ಲದ ಪ್ರಮಾಣ ದ್ರಾಕ್ಷಿಯ ತಳಿ, ಮಾಗಿದ ಹದಗಳ ಮೇಲೆ ಬದಲಾಗುತ್ತದೆ. ಹಾಗಾಗಿ ಹೋದ ವರ್ಷ ತಿಂದು ದಕ್ಕಿಸಿಕೊಂಡ ನಾಯಿ ಈ ವರ್ಷವೂ ದಕ್ಕಿಸಿಕೊಳ್ಳುತ್ತದೆ ಎನ್ನಲಾಗದು. ಕೇಕಿನೊಳಗೆ ಬೆಂದರೂ ಒಣದ್ರಾಕ್ಷಿಯ ಅಪಾಯ ಹೋಗುವುದಿಲ್ಲ. ಮೊಟ್ಟೆಯ ಬಿಳಿ ನೊರೆ ಬರಲೆಂದು ಹಾಕುವ ಕ್ರೀಮ್ ಆಫ್ ಟಾರ್ಟರ್ ಕೂಡ ಬೇಡ. ಇನ್ನೊಂದು ವಿಷಯವನ್ನು ನಮ್ಮ ಕಡೆಯವರು ಗಮನಿಸಲೇಬೇಕು: ಹುಣಸೆಹಣ್ಣಿನಲ್ಲೂ ಇದೇ ಆಮ್ಲ ಹೇರಳವಾಗಿದೆ, ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿಗಳೂ ಬಂದಿವೆ. ಹಬ್ಬದ ದಿನ ಉಳಿದ ಪುಳಿಯೋಗರೆಯನ್ನು ನಾಯಿಯ ತಟ್ಟೆಗೆ ಸುರಿಯುವ ಅಭ್ಯಾಸ ಬಿಡಬೇಕು.

ಚಾಕೊಲೇಟ್ ಕೊಡಬಾರದೆಂಬುದು ಈಗ ಬಹುತೇಕ ಎಲ್ಲರಿಗೂ ಗೊತ್ತು. ಆದರೂ ಬಣ್ಣಕ್ಕೆಂದು ಕೋಕೋ ಪುಡಿ ಹಾಕುತ್ತಾರೆ. ಅಸಲಿಗೆ ಚಾಕೊಲೇಟನ್ನು ನಾಯಿಗೆ ವಿಷವಾಗಿಸುವ ಥಿಯೋಬ್ರೊಮಿನ್ ಎಂಬ ಅಂಶ ಹೆಚ್ಚಿರುವುದು ಅದರಲ್ಲೇ. ನಾಯಿಯ ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಬೇಕು. 10 ಕೆಜಿ ನಾಯಿಗೆ ವಾಂತಿ, ಭೇದಿ, ಚಡಪಡಿಕೆ ತರಲು ಎರಡು ದೊಡ್ಡ ಚಮಚ ಕೋಕೋ ಸಾಕು. ಬಣ್ಣ ಬೇಕಿದ್ದರೆ ರಾಗಿ ಹಿಟ್ಟು ತಾನಾಗಿಯೇ ಕಂದು ಬಣ್ಣ ಕೊಡುತ್ತದೆ.

ರಾಗಿ ಎಂದೊಡನೆ ಕೆಲವರು ಹುಬ್ಬೇರಿಸುತ್ತಾರೆ. ನಾಯಿ ತೋಳದ ಕುಲದ್ದು, ಹಿಟ್ಟು ಅದಕ್ಕೆ ಜೀರ್ಣವಾಗದು ಎಂಬುದು ಇತ್ತೀಚೆಗೆ ಹಬ್ಬಿರುವ ನಂಬಿಕೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಬೇರೆಯದನ್ನೇ ತೋರಿಸಿತು. ಪಿಷ್ಟ ಕರಗಿಸುವ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇದೆ. ಮನುಷ್ಯನ ಮನೆಯಂಗಳದಲ್ಲಿ ಬದುಕುತ್ತಾ ನಾಯಿ ನಮ್ಮ ಧಾನ್ಯಕ್ಕೆ ಹೊಂದಿಕೊಂಡಿತು. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಎಷ್ಟು ತಲೆಮಾರಿನ ನಾಯಿಗಳು ಮುದ್ದೆ ತಿಂದು ಹೊಲ ಕಾದಿಲ್ಲ! ಮುದ್ದೆಯೊಂದೇ ಪೂರ್ಣ ಆಹಾರವಲ್ಲ ನಿಜ, ಆದರೆ ಬೆಂದ ಹಿಟ್ಟು ವಿಷವಂತೂ ಅಲ್ಲ. ಹಸಿ ಯೀಸ್ಟ್ ಹಿಟ್ಟಿನ ಕಥೆ ಬೇರೆ. ಅದು ಹೊಟ್ಟೆಯ ಬೆಚ್ಚಗಿನಲ್ಲಿ ಉಬ್ಬಿ, ಆಲ್ಕೋಹಾಲ್ ಕೂಡ ಹುಟ್ಟಿಸುತ್ತದೆ. ಬನ್ನಿನ ಹಿಟ್ಟು ಕಲಸಿದ ಪಾತ್ರೆಯನ್ನು ನೆಕ್ಕಲು ಬಿಡಬೇಡಿ.

ನಾನು ಹೇಳುವ ಕೇಕ್ ಇಷ್ಟೇ. ಒಂದು ಬಟ್ಟಲು ರಾಗಿ ಹಿಟ್ಟು, ಒಂದು ಮೊಟ್ಟೆ, ಹಿಸುಕಿದ ಒಂದು ಮಾಗಿದ ಬಾಳೆಹಣ್ಣು, ಬೇಯಿಸಿ ನುರಿದ ಸಿಹಿಗುಂಬಳ ಅರ್ಧ ಬಟ್ಟಲು, ಎರಡು ಚಮಚ ಮೊಸರು. ಇಡ್ಲಿ ಹಿಟ್ಟಿನ ಹದಕ್ಕೆ ನೀರು ಹಾಕಿ ಕಲಸಿ, ಎಣ್ಣೆ ಸವರಿದ ಚಿಕ್ಕ ಬಟ್ಟಲುಗಳಿಗೆ ಹಾಕಿ. ಓವನ್ ಇದ್ದರೆ 180 ಡಿಗ್ರಿಯಲ್ಲಿ, ಇಲ್ಲದಿದ್ದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಇಪ್ಪತ್ತು ನಿಮಿಷ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಸೋಡಾ, ಉಪ್ಪು, ಎಸೆನ್ಸ್, ಜಾಯಿಕಾಯಿ ಯಾವುದೂ ಬೇಡ. ತುಸು ಗಟ್ಟಿಯಾಗಿ ಬರುತ್ತದೆ, ನಾಯಿಗೆ ಅದೇ ಇಷ್ಟ. ಮೇಲೆ ಸವರಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಒಂದು ಚಮಚ ಸಾಕು. ಬೆಣ್ಣೆ, ಕ್ರೀಮಿನಂಥ ಜಿಡ್ಡು ಹೆಚ್ಚಾದರೆ ಮೇದೋಜ್ಜೀರಕ ಗ್ರಂಥಿ ಊದಿಕೊಂಡು ನಾಯಿ ಆಸ್ಪತ್ರೆ ಸೇರಬೇಕಾಗಬಹುದು.

ಎಷ್ಟು ಕೊಡಬೇಕು? "ಒಂದು ವರ್ಷ ಅಂದರೆ ನಮ್ಮ ಏಳು ವರ್ಷ, ಇನ್ನೂ ಮಗು, ತಿನ್ನಲಿ ಬಿಡಿ" ಎನ್ನುವುದುಂಟು. ಏಳರ ಲೆಕ್ಕವೇ ತಪ್ಪು. ಲ್ಯಾಬ್ರಡಾರ್‌ಗಳ ಡಿಎನ್‌ಎ ನೋಡಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ವರ್ಷದ ನಾಯಿ ಮೂವತ್ತರ ಮನುಷ್ಯನಿಗೆ ಸಮ. ಬೆಳೆಯುವ ವಯಸ್ಸು ಬಹುಪಾಲು ಮುಗಿದಿರುತ್ತದೆ, ಹೆಚ್ಚಿಗೆ ತಿಂದದ್ದು ಕೊಬ್ಬಾಗುತ್ತದೆ. ದಿನದ ಆಹಾರದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಿಂಡಿ ಕೂಡದೆಂಬುದು ಪಶುವೈದ್ಯರ ಲೆಕ್ಕ. 10 ಕೆಜಿ ನಾಯಿಗೆ ಅದು ಸುಮಾರು 60 ಕ್ಯಾಲೊರಿ. ಬೇಕರಿಯ ಬೆಣ್ಣೆ ಕೇಕಿನ ಒಂದು ತುಂಡೇ 200ರ ಸುಮಾರಿಗೆ ಬರುತ್ತದೆ.

ಕೊನೆಯದಾಗಿ, ನಾಯಿ ತಿನ್ನಬಾರದ್ದನ್ನು ತಿಂದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕೆಂಬ ನಂಬಿಕೆ. ದಯವಿಟ್ಟು ಮಾಡಬೇಡಿ. ಉಪ್ಪೇ ನಾಯಿಗೆ ವಿಷವಾಗಿ ಮಿದುಳಿಗೆ ಪೆಟ್ಟು ಕೊಡುತ್ತದೆ. ಮೊಸರು, ಹಾಲು ಕುಡಿಸಿ ಕಾಯುವುದರಿಂದಲೂ ಪ್ರಯೋಜನವಿಲ್ಲ. ಪೊಟ್ಟಣ ಕೈಯಲ್ಲಿ ಹಿಡಿದು ಪಶುವೈದ್ಯರಿಗೆ ಫೋನ್ ಮಾಡಿ: ಏನು ತಿಂತು, ಎಷ್ಟು, ಎಷ್ಟು ಹೊತ್ತಾಯಿತು, ನಾಯಿಯ ತೂಕವೆಷ್ಟು. ತಿಂದದ್ದು ಕ್ಸೈಲಿಟಾಲ್ ಎಂದು ಅನುಮಾನವಿದ್ದರೆ, ನಾಯಿ ಆಡುತ್ತಾ ಓಡುತ್ತಾ ಇದ್ದರೂ, ಮಾತಾಡುತ್ತಲೇ ಆಸ್ಪತ್ರೆಯ ದಾರಿ ಹಿಡಿಯಿರಿ.