ಹಳೆಯ ಸೇನಾ ರೇಡಿಯೊಗಳ ಹೊಟ್ಟೆಪಾಡು

ಸೈನಿಕರು ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಿದ್ದ ಹಳೆಯ ರೇಡಿಯೊ ನೋಡುವುದಕ್ಕೆ ಒಂದೇ ಪೆಟ್ಟಿಗೆ, ಬಿಚ್ಚಿದರೆ ಎರಡು. ಮೇಲಿನದರಲ್ಲಿ ಸರ್ಕಿಟ್ಟು, ತಿರುಗಣೆಗಳು, ಆಂಟೆನಾದ ಬುಡ, ಕೆಳಗಿನದರಲ್ಲಿ ಬ್ಯಾಟರಿ. ಅದನ್ನೇ ಜೀಪಿಗೆ ಏರಿಸಿದರೆ ಮೂರನೆಯದೊಂದು ಸೇರಿಕೊಳ್ಳುತ್ತದೆ: ವಾಹನದ ವಿದ್ಯುತ್ತನ್ನು ರೇಡಿಯೊಗೆ ಒಗ್ಗುವಂತೆ ಬದಲಿಸಿಕೊಡುವ ಸರಬರಾಜು ಘಟಕ. ಸಂಗ್ರಹಕಾರರು ಹಣ ಸುರಿಯುವುದು ಮೊದಲನೆಯದಕ್ಕೆ. ಉಳಿದೆರಡು ಬಹಳಷ್ಟು ಸಲ ಗುಜರಿಗೆ ಹೋಗುತ್ತವೆ. ಆದರೆ ರೇಡಿಯೊ ಎಷ್ಟು ತೂಗಬೇಕು, ಎಷ್ಟು ಹೊತ್ತು ಮಾತಾಡಬೇಕು, ಎಷ್ಟು ದೂರ ಕೇಳಿಸಬೇಕು ಎಂಬುದನ್ನು ಬಹುಪಾಲು ತೀರ್ಮಾನಿಸುತ್ತಿದ್ದುದು ಆ ಗುಜರಿ ಪೆಟ್ಟಿಗೆಗಳೇ.

ಭಾರತದಲ್ಲಿ ಇಂಥ ಸಲಕರಣೆಗಳ ತಯಾರಿಕೆ ಬೆಂಗಳೂರಿನ ಉತ್ತರ ಭಾಗದೊಂದಿಗೆ ತಳಕು ಹಾಕಿಕೊಂಡಿದೆ. ಯಶವಂತಪುರದಾಚೆ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ 1954ರಲ್ಲಿ ರಕ್ಷಣಾ ಸಚಿವಾಲಯದ ಅಡಿಯಲ್ಲಿ, ಫ್ರಾನ್ಸಿನ ಸಿಎಸ್ಎಫ್ ಕಂಪನಿಯ ತಾಂತ್ರಿಕ ನೆರವಿನಿಂದ ಆರಂಭವಾಯಿತು. 1956ರಲ್ಲಿ ಕೆಲವು ಸಂಪರ್ಕ ಉಪಕರಣಗಳ ತಯಾರಿಕೆ ಶುರುವಾಯಿತು. 1961ರಲ್ಲಿ ರೇಡಿಯೊ ವಾಲ್ವ್‌ಗಳು, ಮರುವರ್ಷವೇ ಜರ್ಮೇನಿಯಮ್ ಅರೆವಾಹಕಗಳು ಅಲ್ಲಿಂದ ಹೊರಬಂದವು. ಸಾಮಾನ್ಯವಾಗಿ ಕಂಪನಿಯ ಇತಿಹಾಸದಲ್ಲಿ ಒಂದು ಸಾಲಾಗಿ ಮುಗಿದುಹೋಗುವ ಈ ಎರಡು ಇಸವಿಗಳ ನಡುವೆ ಬೆನ್ನ ರೇಡಿಯೊದ ದೊಡ್ಡ ಗಡಿರೇಖೆಯೊಂದು ಹಾದುಹೋಗುತ್ತದೆ. ವಾಲ್ವ್‌ನ ಕಡೆಗೆ ಬ್ಯಾಟರಿಗಳ ಹೊರೆ, ಅರೆವಾಹಕದ ಕಡೆಗೆ ಒಂದೇ ಬ್ಯಾಟರಿ. ಕಾರಣ ವಾಲ್ವ್‌ನ ಸ್ವಭಾವದಲ್ಲಿದೆ.

ವಾಲ್ವ್ ಒಂದು ಗಾಜಿನ ಬುರುಡೆ. ಅದರೊಳಗೆ ಗಾಳಿ ಇಲ್ಲ. ನಡುವೆ ಒಂದು ತಂತು, ಸುತ್ತ ಒಂದು ಲೋಹದ ತಗಡು, ಎರಡರ ಮಧ್ಯೆ ತಂತಿಯ ಜಾಲರಿ. ತಂತು ಕಾದಾಗ ಇಲೆಕ್ಟ್ರಾನುಗಳು ಹೊರಬೀಳುತ್ತವೆ. ತಗಡಿಗೆ ಹೆಚ್ಚಿನ ಧನ ವೋಲ್ಟೇಜ್ ಕೊಟ್ಟಿದ್ದರೆ ಅತ್ತ ಹಾಯುತ್ತವೆ. ಜಾಲರಿಯ ಮೇಲಿನ ಸಣ್ಣ ವೋಲ್ಟೇಜ್ ಆ ಹರಿವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಹೀಗಾಗಿ ವಾಲ್ವ್‌ಗೆ ಒಂದೇ ಬಗೆಯ ವಿದ್ಯುತ್ತು ಸಾಲದು. ತಂತು ಕಾಯಿಸಲು ಒಂದೂವರೆ ವೋಲ್ಟಿನಷ್ಟು ಕಡಿಮೆ ವೋಲ್ಟೇಜ್, ತಗಡಿಗೆ 90 ಅಥವಾ 135 ವೋಲ್ಟ್, ಕೆಲವು ಸೆಟ್ಟುಗಳಲ್ಲಿ ಜಾಲರಿಗೆ ಪ್ರತ್ಯೇಕವಾಗಿ ಋಣ ವೋಲ್ಟೇಜ್ ಬೇಕು. ತಂತಿನ ವಿದ್ಯುತ್ತಿಗೆ ಎಲ್‌ಟಿ ಎಂದೂ ತಗಡಿನದಕ್ಕೆ ಎಚ್‌ಟಿ ಎಂದೂ ಹೆಸರು. ಯಾರೂ ಮಾತಾಡದೆ ಬರೀ ಕೇಳುತ್ತ ಕುಳಿತರೂ ತಂತು ಉರಿಯುತ್ತಲೇ ಇರಬೇಕು. ಅಂದರೆ ಮೌನಕ್ಕೂ ಬ್ಯಾಟರಿ ಖರ್ಚಾಗುತ್ತದೆ.

ಒಣಕೋಶವೊಂದು ಕೊಡುವುದು ಒಂದೂವರೆ ವೋಲ್ಟ್ ಮಾತ್ರ. 90 ವೋಲ್ಟ್ ಬೇಕೆಂದರೆ 60 ಕೋಶಗಳನ್ನು ಸಾಲಾಗಿ ಪೋಣಿಸಬೇಕು, 135 ವೋಲ್ಟಿಗೆ 90 ಕೋಶ. ಎಚ್‌ಟಿಯಲ್ಲಿ ಹರಿಯುವ ವಿದ್ಯುತ್ತು ಕಡಿಮೆಯಾದ್ದರಿಂದ ಕೋಶಗಳು ಚಪ್ಪಟೆಯಾಗಿ, ಚಿಕ್ಕದಾಗಿದ್ದರೂ ನಡೆಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಎಸ್‌ಸಿಆರ್-300, ಅಂದರೆ ಜಗತ್ತಿಗೆ ವಾಕಿ-ಟಾಕಿ ಎಂಬ ಹೆಸರು ರೂಢಿಸಿದ ಬೆನ್ನ ರೇಡಿಯೊ, ತನಗೆ ಬೇಕಾದ ಎಲ್ಲ ವೋಲ್ಟೇಜುಗಳನ್ನೂ ಒಂದೇ ಕಟ್ಟಿನಲ್ಲಿ ಕೂಡಿಸಿದ ಬ್ಯಾಟರಿಯಿಂದ ಓಡುತ್ತಿತ್ತು. ಅನುಕೂಲವೇನೋ ಹೌದು, ಆದರೆ ಕಟ್ಟಿನ ಒಂದು ಭಾಗ ಮುಗಿದರೆ ಉಳಿದದ್ದನ್ನೂ ಸೇರಿಸಿ ಇಡೀ ಕಟ್ಟನ್ನೇ ಎಸೆಯಬೇಕಿತ್ತು. ಒಣಕೋಶ ಗೋದಾಮಿನಲ್ಲಿ ಕುಳಿತಲ್ಲೇ ಬಿಸಿಲಿಗೆ ಸೊರಗುತ್ತದೆ, ಹಿಮದಲ್ಲಿ ಕೈಕೊಡುತ್ತದೆ. ರಾಜಸ್ಥಾನದ ಮರಳುಗಾಡೂ ಹಿಮಾಲಯದ ಕಣಿವೆಗಳೂ ಒಂದೇ ಸೇನೆಯ ಪಾಲಿಗಿದ್ದಾಗ ಇದು ಸಣ್ಣ ತೊಂದರೆಯಲ್ಲ.

ವಾಹನ ಸಿಕ್ಕ ಕೂಡಲೇ ತೂಕದ ಚಿಂತೆ ತಗ್ಗುತ್ತದೆ. ಪುನಃ ಪುನಃ ಚಾರ್ಜ್ ಆಗುವ ಸೀಸ-ಆಮ್ಲದ ದೊಡ್ಡ ಬ್ಯಾಟರಿ, ಅದನ್ನು ತುಂಬುವ ಎಂಜಿನ್ ಎರಡೂ ಅಲ್ಲೇ ಇವೆ. ಆದರೆ ಹಳೆಯ ವಾಹನದಲ್ಲಿರುವುದು 6, 12 ಅಥವಾ 24 ವೋಲ್ಟ್. ಸಂದೇಶ ಕಳಿಸುವ ಭಾಗವಾದ ಪ್ರೇಷಕಕ್ಕೆ ಬೇಕಾದದ್ದು ನೂರಾರು ವೋಲ್ಟ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸಬಲ್ಲದು, ಆದರೆ ಅದಕ್ಕೆ ಬೇಕಿರುವುದು ದಿಕ್ಕು ಬದಲಿಸುತ್ತಿರುವ ಪರ್ಯಾಯ ವಿದ್ಯುತ್. ಬ್ಯಾಟರಿಯದು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್. ಈ ಕಗ್ಗಂಟನ್ನು ಬಿಡಿಸಲು ವಾಲ್ವ್ ಯುಗದ ಎಂಜಿನಿಯರುಗಳು ಕಂಡುಕೊಂಡ ದಾರಿಗಳು ಮುಖ್ಯವಾಗಿ ಎರಡು.

ಒಂದು, ಡೈನಮೋಟರ್. ಒಂದೇ ತಿರುಗುವ ದಿಂಡಿನ ಮೇಲೆ ಎರಡು ತಂತಿಸುರುಳಿಗಳು, ದಿಂಡಿನ ಎರಡೂ ತುದಿಯಲ್ಲಿ ಒಂದೊಂದು ಕಮ್ಯುಟೇಟರ್. ದಪ್ಪ ತಂತಿಯ ಸುರುಳಿಗೆ ಬ್ಯಾಟರಿ ಜೋಡಿಸಿದರೆ ಅದು ಮೋಟಾರಾಗಿ ತಿರುಗುತ್ತದೆ. ಅದೇ ದಿಂಡಿನಲ್ಲಿರುವ ಸಣ್ಣ ತಂತಿಯ, ಹೆಚ್ಚು ಸುತ್ತುಗಳ ಸುರುಳಿ ಜನರೇಟರಾಗಿ ಎಚ್‌ಟಿ ಕೊಡುತ್ತದೆ. ಎರಡಕ್ಕೂ ಕಾಂತಕ್ಷೇತ್ರ ಒಂದೇ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೇನೆಯ ಟ್ಯಾಂಕುಗಳಲ್ಲಿ ಹೆಸರಾದ 19ನೇ ನಂಬರ್ ವೈರ್‌ಲೆಸ್ ಸೆಟ್ ಹೀಗೆಯೇ ಬದುಕುತ್ತಿತ್ತು. ಕೇಂಬ್ರಿಜ್‌ನ ಪೈ ಕಂಪನಿ ವಿನ್ಯಾಸಗೊಳಿಸಿದ ಈ ಸೆಟ್ಟಿನಲ್ಲಿ ದೂರದ ಮಾತಿಗೆ ಒಂದು ಪ್ರೇಷಕ, ಪಕ್ಕದ ಟ್ಯಾಂಕಿನೊಂದಿಗೆ ಮಾತಿಗೆ ಇನ್ನೊಂದು, ಒಂದೇ ಟ್ಯಾಂಕಿನ ಒಳಗಿನವರ ಮಾತಿಗೆ ಮತ್ತೊಂದು ವ್ಯವಸ್ಥೆ ಇದ್ದವು. 12 ವೋಲ್ಟಿನಿಂದ ಸುಮಾರು 270 ವೋಲ್ಟನ್ನೂ 500ಕ್ಕೂ ಹೆಚ್ಚು ವೋಲ್ಟನ್ನೂ ಹುಟ್ಟಿಸುವ ಸರಬರಾಜು ಘಟಕ ರೇಡಿಯೊದ ಪಕ್ಕದಲ್ಲೇ, ಅದೇ ಚೌಕಟ್ಟಿನಲ್ಲಿ ಕೂರುತ್ತಿತ್ತು. ಡೈನಮೋಟರ್ ಗಟ್ಟಿಮುಟ್ಟು. ಆದರೆ ಭಾರ, ಗದ್ದಲ, ಮೇಲಾಗಿ ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಶಾಖವಾಗಿ ಕಳೆಯುವ ಜಾತಿ.

ಇನ್ನೊಂದು, ವೈಬ್ರೇಟರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಲೋಹದ ಡಬ್ಬಿ, ಒಳಗೆ ವಿದ್ಯುತ್ಕಾಂತದ ಮುಂದೆ ನಡುಗುವ ಉಕ್ಕಿನ ಪಟ್ಟಿ. ಸೆಕೆಂಡಿಗೆ ನೂರು ಸಲಕ್ಕೂ ಮಿಕ್ಕಿ ಅತ್ತಿತ್ತ ಹೊಡೆದುಕೊಳ್ಳುವ ಆ ಪಟ್ಟಿ ಬ್ಯಾಟರಿಯ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನ ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ಹಾಯಿಸುತ್ತದೆ. ಟ್ರಾನ್ಸ್‌ಫಾರ್ಮರಿಗೆ ಅದು ಪರ್ಯಾಯ ವಿದ್ಯುತ್ತೇ. ಕೆಲವು ವೈಬ್ರೇಟರುಗಳಲ್ಲಿ ಅದೇ ಪಟ್ಟಿಯ ಇನ್ನೊಂದು ಜೊತೆ ಸಂಪರ್ಕಬಿಂದುಗಳು ಹೊರಬರುವ ಹೆಚ್ಚಿನ ವೋಲ್ಟೇಜನ್ನು ಮತ್ತೆ ನೇರ ವಿದ್ಯುತ್ತಾಗಿಯೂ ತಿರುಗಿಸುತ್ತವೆ. ಡೈನಮೋಟರಿಗಿಂತ ಹಗುರ, ಮಿತವ್ಯಯಿ. ಆದರೆ ಪ್ರತಿ ಹೊಡೆತಕ್ಕೂ ಸಂಪರ್ಕಬಿಂದುವಿನಲ್ಲಿ ಕಿಡಿ ಹಾರುತ್ತದೆ. ಕಿಡಿಯನ್ನು ನುಂಗಲು ಟ್ರಾನ್ಸ್‌ಫಾರ್ಮರಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಇರುತ್ತದೆ. ಅದು ಹಾಳಾದರೆ ವೈಬ್ರೇಟರಿನ ಆಯುಸ್ಸೂ ಮುಗಿಯಿತು.

ಎಂಜಿನ್ನೂ ಇಲ್ಲ, ಬ್ಯಾಟರಿಯೂ ಇಲ್ಲ ಎನ್ನುವ ಸಂದರ್ಭಕ್ಕೆ ಮನುಷ್ಯನ ತೋಳೇ ಗತಿ. ಅಮೆರಿಕದ ಜಿಆರ್‌ಸಿ-9 ಸೆಟ್ಟಿನ ಜೊತೆ ಬರುತ್ತಿದ್ದ ಜಿಎನ್-58 ಕೈ ಜನರೇಟರಿಗೆ ಕುಳಿತುಕೊಳ್ಳಲು ಪೀಠ, ತಿರುಗಿಸಲು ಎರಡು ಹಿಡಿಗಳು. ಅದು ಸುಮಾರು 425 ವೋಲ್ಟ್ ಮತ್ತು 6.3 ವೋಲ್ಟ್ ಎರಡನ್ನೂ ಕೊಡುತ್ತಿತ್ತು, ಲೆಕ್ಕ ಹಾಕಿದರೆ ಒಟ್ಟು 60 ವಾಟ್ ಆಸುಪಾಸು. ಜನರೇಟರಿನಲ್ಲಾಗುವ ನಷ್ಟವನ್ನೂ ಸೇರಿಸಿದರೆ ತೋಳುಗಳು ಇನ್ನೂ ಹೆಚ್ಚು ದುಡಿಯಬೇಕು. ಮೋರ್ಸ್ ಕೀಲಿ ಒತ್ತಿದಾಗಲೆಲ್ಲ ಹಿಡಿ ಬಿಗಿಯಾಗುತ್ತದೆ, ಬಿಟ್ಟಾಗ ಸಡಿಲ. ಸಂದೇಶದ ಭಾರ ತಿರುಗಿಸುವವನ ರಟ್ಟೆಗೆ ಅಕ್ಷರಶಃ ತಿಳಿಯುತ್ತಿತ್ತು.

ವಾಹನದ ವೋಲ್ಟೇಜ್ 6ರಿಂದ 12ಕ್ಕೆ, ಅಲ್ಲಿಂದ 24ಕ್ಕೆ ಏರಿದ್ದೇಕೆ ಎಂಬುದಕ್ಕೆ ಸಣ್ಣದೊಂದು ಲೆಕ್ಕ ಸಾಕು. ಪ್ರೇಷಕಕ್ಕೆ 500 ವೋಲ್ಟ್, 0.1 ಆಂಪಿಯರ್ ಬೇಕೆನ್ನಿ, ಅಂದರೆ 50 ವಾಟ್. ಅರ್ಧ ನಷ್ಟವಾಗುವ ಡೈನಮೋಟರ್ ವಾಹನದಿಂದ 100 ವಾಟ್ ಎಳೆಯುತ್ತದೆ. 24 ವೋಲ್ಟಿನಲ್ಲಿ ಅದು ಸುಮಾರು 4 ಆಂಪಿಯರ್, 12ರಲ್ಲಿ 8, 6ರಲ್ಲಿ 16ಕ್ಕೂ ಮಿಕ್ಕಿ. ಕೇಬಲ್ಲು, ಫ್ಯೂಸು, ತುಕ್ಕು ಹಿಡಿದ ಟರ್ಮಿನಲ್ಲು ಎಲ್ಲ ಸೇರಿ 0.1 ಓಮ್ ರೋಧವಿದ್ದರೆ 24 ವೋಲ್ಟಿನಲ್ಲಿ ನಷ್ಟ 0.4 ವೋಲ್ಟ್, ಲೆಕ್ಕಕ್ಕಿಲ್ಲ. 6 ವೋಲ್ಟಿನಲ್ಲಿ ಅದೇ ರೋಧ ಒಂದೂವರೆ ವೋಲ್ಟಿಗಿಂತ ಹೆಚ್ಚು ನುಂಗುತ್ತದೆ, ಅಂದರೆ ಕಾಲು ಭಾಗಕ್ಕೂ ಜಾಸ್ತಿ. ಯುದ್ಧಕಾಲದ ವಿಲ್ಲಿಸ್ ಜೀಪು 6 ವೋಲ್ಟಿನದು. ರೇಡಿಯೊ ಹೊರುವ ಜೀಪುಗಳಿಗೆ 12 ವೋಲ್ಟಿನ ಪ್ರತ್ಯೇಕ ಏರ್ಪಾಡು ಬೇಕಾಯಿತು. ಯುದ್ಧದ ನಂತರದ ಸೇನಾ ವಾಹನಗಳು 24 ವೋಲ್ಟಿನ ಕಡೆಗೆ ಹೊರಳಿದ್ದಕ್ಕೆ ರೇಡಿಯೊವೂ ಒಂದು ಕಾರಣ.

ವಾಹನ ವಿದ್ಯುತ್ತಿನ ಜೊತೆಗೆ ಗಲಾಟೆಯನ್ನೂ ಕೊಡುತ್ತದೆ. ಪೆಟ್ರೋಲ್ ಎಂಜಿನ್ನಿನ ಪ್ರತಿ ಸ್ಪಾರ್ಕ್ ಪ್ಲಗ್ಗೂ ಒಂದು ಪುಟ್ಟ ರೇಡಿಯೊ ಪ್ರೇಷಕವೇ. ಅದರ ಕಿಡಿ ಎಲ್ಲ ಆವರ್ತನಗಳಲ್ಲೂ ಚಿಟಪಟ ಹಬ್ಬಿಸುತ್ತದೆ, ದೂರದಿಂದ ಬಂದ ಕ್ಷೀಣ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಇದಕ್ಕೆ ಮದ್ದು ಹಲವು: ಪ್ಲಗ್ ತಂತಿಗಳಲ್ಲಿ ರೋಧಕ, ಡೈನಮೊಗೂ ಅದರ ರೆಗ್ಯುಲೇಟರಿಗೂ ಕೆಪಾಸಿಟರ್, ತಂತಿಗಳಿಗೆ ಲೋಹದ ಹೊದಿಕೆ. ಬಾನೆಟ್ಟು, ಚಾಸಿಯಂಥ ಬಿಡಿ ಭಾಗಗಳನ್ನು ಹೆಣೆದ ತಾಮ್ರದ ಪಟ್ಟಿಗಳಿಂದ ಪರಸ್ಪರ ಜೋಡಿಸುವುದೂ ಇದೆ. ಬಣ್ಣ ಕೊರೆದು ಲೋಹಕ್ಕೆ ಲೋಹ ತಾಗಲಿ ಎಂದು ಅಲ್ಲಿ ಹಲ್ಲಿರುವ ವಾಷರ್ ಹಾಕುತ್ತಾರೆ. ಹಳೆಯ ಜೀಪಿಗೆ ಹೊಸ ಬಣ್ಣ ಬಳಿದು ಮಿನುಗಿಸುವವರು ಈ ಪಟ್ಟಿಗಳನ್ನು ಕಸವೆಂದು ಕಿತ್ತೆಸೆಯುವುದು ಸಾಮಾನ್ಯ. ಆಮೇಲೆ ರೇಡಿಯೊ ಕೊರಕೊರ ಎನ್ನುತ್ತದೆ ಎಂದು ದೂರುವುದೂ ಅಷ್ಟೇ ಸಾಮಾನ್ಯ.

ಆಂಟೆನಾದ ಮಟ್ಟಿಗೆ ವಾಹನದ ಲೋಹದ ಮೈ ವರವೇ. 50 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ ಒಂದೂವರೆ ಮೀಟರ್. ಅಷ್ಟುದ್ದದ ಬೆತ್ತದಂಥ ಆಂಟೆನಾ ನೆಟ್ಟರೆ ಉಳಿದರ್ಧದ ಕೆಲಸವನ್ನು ಬಾಡಿಯೇ ನೋಡಿಕೊಳ್ಳುತ್ತದೆ. ಬೆನ್ನ ಮೇಲಿನ ಸೆಟ್ಟಿಗೆ ಈ ಭಾಗ್ಯವಿಲ್ಲ. ಅದೇ ರೇಡಿಯೊ, ಅದೇ ಶಕ್ತಿಯಲ್ಲಿ ಜೀಪಿನ ಮೇಲಿಂದ ಇನ್ನಷ್ಟು ದೂರ ತಲುಪಲು ಇದೂ ಕಾರಣ. 3.5 ಮೆಗಾಹರ್ಟ್ಸ್‌ಗೆ ಕಾಲು ಅಲೆ ಎಂದರೆ 21 ಮೀಟರಿಗೂ ಹೆಚ್ಚು. ಅದನ್ನು ಜೀಪಿನ ಮೇಲೆ ನೆಡಲಾಗದು. ಹಾಗಾಗಿ 19ನೇ ನಂಬರ್ ಸೆಟ್ಟಿನೊಂದಿಗೆ ವೇರಿಯೋಮೀಟರ್ ಎಂಬ ತಿರುಗುವ ಸುರುಳಿಯ ಪೆಟ್ಟಿಗೆಯೂ ಬರುತ್ತಿತ್ತು, ಗಿಡ್ಡ ಕೋಲನ್ನು ವಿದ್ಯುತ್ತಿನ ಲೆಕ್ಕದಲ್ಲಿ ಉದ್ದವಾಗಿಸಲು.

ಟ್ರಾನ್ಸಿಸ್ಟರ್ ಬಂದು ಇದನ್ನೆಲ್ಲ ಅಲುಗಿಸಿತು. ಅದಕ್ಕೆ ಕಾಯುವ ತಂತು ಇಲ್ಲ, ನೂರಾರು ವೋಲ್ಟ್ ಬೇಡ. ಬದಲಾವಣೆ ಒಂದೇ ಏಟಿಗೆ ಆಗಲಿಲ್ಲ ಎಂಬುದನ್ನು ಎಎನ್/ಪಿಆರ್‌ಸಿ-25 ತೋರಿಸುತ್ತದೆ. 1960ರ ದಶಕದ ಈ ಅಮೆರಿಕನ್ ವಿನ್ಯಾಸ ಭಾರತೀಯ ಸೇನೆಯಲ್ಲೂ ಬಳಕೆಯಲ್ಲಿತ್ತು. 30ರಿಂದ 76 ಮೆಗಾಹರ್ಟ್ಸ್‌ವರೆಗೆ 920 ಚಾನೆಲ್ಲುಗಳು, ಬ್ಯಾಟರಿ ಸೇರಿ ಹತ್ತು ಕಿಲೊ ದಾಟುವ ತೂಕ, ಒಳಗೆಲ್ಲ ಟ್ರಾನ್ಸಿಸ್ಟರುಗಳು. ಆದರೆ ಆ ಆವರ್ತನದಲ್ಲಿ ಸಾಕಷ್ಟು ಶಕ್ತಿ ಕೊಡುವ ಟ್ರಾನ್ಸಿಸ್ಟರ್ ಆಗಿನ್ನೂ ಕೈಗೆಟುಕಿರಲಿಲ್ಲ. ಪ್ರೇಷಕದ ಕೊನೆಯ ಹಂತದಲ್ಲಿ ಒಂದೇ ಒಂದು ವಾಲ್ವ್ ಉಳಿದುಕೊಂಡಿತು. ಆ ಒಂದಕ್ಕಾಗಿ ಬ್ಯಾಟರಿಯಲ್ಲಿ ತಂತಿನ ಪ್ರತ್ಯೇಕ ವೋಲ್ಟೇಜ್, ಸೆಟ್ಟಿನೊಳಗೆ ಎಚ್‌ಟಿ ಹುಟ್ಟಿಸುವ ಟ್ರಾನ್ಸಿಸ್ಟರ್ ಪರಿವರ್ತಕ. ಮುಂದಿನ ಪಿಆರ್‌ಸಿ-77ರಲ್ಲಿ ಆ ವಾಲ್ವ್ ಹೋಯಿತು, ಅದರ ಊಟದ ಏರ್ಪಾಡೂ ಹೋಯಿತು.

ಪಿಆರ್‌ಸಿ-25ರ ವಾಹನ ಜೋಡಣೆಯ ಜಾಣ್ಮೆ ಮೆಚ್ಚುವಂಥದ್ದು. ಕೆಳಗಿನ ಬ್ಯಾಟರಿ ಡಬ್ಬಿಯನ್ನು ಕಳಚಿ, ಸೆಟ್ಟನ್ನು ಎಎಂ-2060 ಎಂಬ ಘಟಕದ ಮೇಲೆ ಕೂರಿಸಿ ಕೊಂಡಿ ಹಾಕಿದರೆ ಆಯಿತು. ವಾಹನದ ವಿದ್ಯುತ್ತನ್ನು ಸೆಟ್ಟಿಗೆ ಹೊಂದಿಸುವುದರ ಜೊತೆಗೆ ಧ್ವನಿವರ್ಧಕಕ್ಕೆ ಬೇಕಾದ ಶಕ್ತಿಯನ್ನೂ ಅದು ಕೊಡುತ್ತದೆ, ಎಂಜಿನ್ನಿನ ಸದ್ದಿನಲ್ಲಿ ಕಿವಿಯ ಫೋನು ಸಾಲದಲ್ಲ. ಇಡೀ ಜೋಡಿ ರಬ್ಬರಿನ ಮೇಲೆ ತೂಗುವ ಪೀಠದಲ್ಲಿರುತ್ತದೆ. ಜೀಪು ಕೈಕೊಟ್ಟರೆ ಸೆಟ್ಟನ್ನು ಬಿಚ್ಚಿ, ಬ್ಯಾಟರಿ ಡಬ್ಬಿ ಹಾಕಿ, ಬೆನ್ನಿಗೇರಿಸಿ ನಡೆಯಬಹುದು.

ಟ್ರಾನ್ಸಿಸ್ಟರಿಗೆ ಒಂದು ಹೊಸ ದೌರ್ಬಲ್ಯವೂ ಇತ್ತು. ಎಂಜಿನ್ ಚಾಲೂ ಮಾಡುವಾಗ 24 ವೋಲ್ಟ್ ಧಡಕ್ಕನೆ ಕುಸಿಯುತ್ತದೆ. ಚಾರ್ಜಿಂಗ್ ಸರ್ಕಿಟ್ಟಿನಲ್ಲಿ ಏನಾದರೂ ಕಡಿದರೆ ಕ್ಷಣಮಾತ್ರ ಹಲವು ಪಟ್ಟು ಜಿಗಿಯುತ್ತದೆ. ವಾಲ್ವ್ ಅಂಥದ್ದನ್ನು ಸಹಿಸಿಕೊಳ್ಳುತ್ತದೆ, ಟ್ರಾನ್ಸಿಸ್ಟರ್ ಕಣ್ಣು ಮಿಟುಕಿಸುವುದರೊಳಗೆ ಸಾಯುತ್ತದೆ. ಆದ್ದರಿಂದಲೇ ಸರಬರಾಜು ಘಟಕಕ್ಕೆ ವೋಲ್ಟೇಜ್ ಸ್ಥಿರೀಕರಣವೂ ಉಬ್ಬರ ತಡೆಯೂ ಬೇಕಾದವು. ಎಂಜಿನ್ ಚಾಲೂ ಮಾಡುವ ಮುನ್ನ ರೇಡಿಯೊ ಆರಿಸಬೇಕೆಂಬ ಶಿಸ್ತು ಬಂದದ್ದೂ ಇದರಿಂದ. ಬೆನ್ನ ಸೆಟ್ಟುಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ನೆಲೆಯೂರಿದ್ದು ಇದೇ ಯುಗದಲ್ಲಿ: ಕೋಶಕ್ಕೆ 1.2 ವೋಲ್ಟ್, ಹತ್ತು ಕೋಶಕ್ಕೆ 12. ಎಸೆಯುವ ಬದಲು ಮತ್ತೆ ತುಂಬಿಸಬಹುದು. ಭಾರತ್ ಎಲೆಕ್ಟ್ರಾನಿಕ್ಸ್ ಮುಂದೆ ತಯಾರಿಸಿದ ಸ್ಟಾರ್ಸ್-ವಿ ರೇಡಿಯೊ ಬರುವ ಹೊತ್ತಿಗೆ ಬೆನ್ನ ಸೆಟ್ಟೂ ವಾಹನದ ಸೆಟ್ಟೂ ಒಂದೇ ಕುಟುಂಬ. ಬೆನ್ನ ಮೇಲೆ 5 ವಾಟ್, ಜೀಪಿನಲ್ಲಿ ಹೆಚ್ಚುವರಿ ಆಂಪ್ಲಿಫೈಯರಿನ ಬಲದಿಂದ ಅದರ ಹಲವು ಪಟ್ಟು.

ಹಳೆಯ ಸೆಟ್ಟುಗಳನ್ನು ಮತ್ತೆ ಮಾತಾಡಿಸುವವರಿಗೆ ಮೊದಲ ಅಡ್ಡಿ ಈ ಸರಬರಾಜೇ. ಹಳೆಯ ಎಚ್‌ಟಿ ಬ್ಯಾಟರಿಗಳು ಮಾರುಕಟ್ಟೆಯಿಂದ ಮರೆಯಾಗಿವೆ. 9 ವೋಲ್ಟಿನ ಸಣ್ಣ ಬ್ಯಾಟರಿಗಳನ್ನು ಪೋಣಿಸುವುದು ಸುಲಭದ ಉಪಾಯ: ಹತ್ತಕ್ಕೆ 90 ವೋಲ್ಟ್, ಹದಿನೈದಕ್ಕೆ 135. ವೈಬ್ರೇಟರಿನ ಜಾಗದಲ್ಲಿ ಅರೆವಾಹಕದ ಸ್ವಿಚ್ಚು ಕೂರಿಸಬಹುದು, ಹೊರಗಿನ ಡಬ್ಬಿ ಹಳೆಯದನ್ನೇ ಉಳಿಸಿಕೊಂಡರೆ ನೋಟವೂ ಕೆಡದು. ಡೈನಮೋಟರನ್ನು ದಿಢೀರನೆ ಚಾಲೂ ಮಾಡಬಾರದು. ಬೇರಿಂಗಿನ ಗ್ರೀಸು ಗಟ್ಟಿಯಾಗಿರುತ್ತದೆ, ಕಾರ್ಬನ್ ಬ್ರಷ್ಷು ಸವೆದಿರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿಗೆ ಒಮ್ಮೆಲೆ ಪೂರ್ಣ ವೋಲ್ಟೇಜ್ ಕೊಟ್ಟರೆ ಸಿಡಿಯಬಹುದು. ಕೆಲವು ಬ್ರಿಟಿಷ್ ವಾಹನಗಳಲ್ಲಿ ಧನ ತುದಿ ಚಾಸಿಗೆ ಸೇರಿರುತ್ತದೆ, ನೋಡದೆ ಜೋಡಿಸಿದರೆ ಸೆಟ್ಟು ಸುಟ್ಟಿತು. 500 ವೋಲ್ಟಿನ ನೇರ ವಿದ್ಯುತ್ತು ಪ್ರಾಣ ತೆಗೆಯಬಲ್ಲದು, ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ಕೇಳುವುದಷ್ಟೇ ಅಲ್ಲ, ಪ್ರೇಷಿಸುವ ಆಸೆಯೂ ಇದ್ದರೆ ಹವ್ಯಾಸಿ ರೇಡಿಯೊ ಪರವಾನಗಿ ಕಡ್ಡಾಯ, ಅದೂ ಹವ್ಯಾಸಿಗಳಿಗೆ ಮೀಸಲಾದ ಆವರ್ತನಗಳಲ್ಲಿ ಮಾತ್ರ.