ಫ್ಲಾರೆನ್ಸ್ ನಗರದ ಸ್ಥಳಪುರಾಣವೂ ಒಂದು ಸಚಿತ್ರ ಹಸ್ತಪ್ರತಿಯೂ

ಊರಿಗೊಂದು ಸ್ಥಳಪುರಾಣವಿರುವುದು ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ. ಆದರೆ ಅರಸನಿಲ್ಲದ, ವರ್ತಕರೂ ಕಸುಬುದಾರರ ಸಂಘಗಳೂ ಆಳುತ್ತಿದ್ದ ಒಂದು ನಗರವು ತನ್ನ ಪುರಾಣವನ್ನು ತಾನೇ ಹೆಣೆದುಕೊಂಡು, ಅದನ್ನು ಚರಿತ್ರೆಯೆಂದೇ ನಂಬಿ, ಚಿತ್ರಗಳಲ್ಲಿ ಬರೆಯಿಸಿಕೊಂಡ ಬಗೆ ವಿಚಾರಾರ್ಹವಾದುದು. ಇಟಲಿಯ ಫ್ಲಾರೆನ್ಸ್ ಅಂತಹ ನಗರ.

ಮಧ್ಯಯುಗದ ಯೂರೋಪಿನಲ್ಲಿ ಗ್ರಂಥಗಳನ್ನು ನಮ್ಮಂತೆ ಓಲೆಗರಿಯ ಮೇಲೆ ಬರೆಯುತ್ತಿರಲಿಲ್ಲ. ಹದಮಾಡಿದ ಪ್ರಾಣಿಚರ್ಮದ ಹಾಳೆಗಳನ್ನು ಬಳಸುತ್ತಿದ್ದರು. ಅದರ ಮೇಲೆ ಬಣ್ಣ ಚೆನ್ನಾಗಿ ನಿಲ್ಲುತ್ತಿದ್ದುದರಿಂದ ಸಚಿತ್ರ ಗ್ರಂಥಗಳ ಕಲೆ ಅಲ್ಲಿ ಸಮೃದ್ಧವಾಗಿ ಬೆಳೆಯಿತು. ವ್ಯಾಟಿಕನ್ ಗ್ರಂಥಾಲಯದ ಚಿಗಿ ಸಂಗ್ರಹದಲ್ಲಿರುವ ಒಂದು ಹಸ್ತಪ್ರತಿ ಈ ಲೇಖನಕ್ಕೆ ಆಧಾರವಾದುದು. ಜೋವಾನ್ನಿ ವಿಲ್ಲಾನಿಯ 'ನೂತನ ವೃತ್ತಾಂತ'ದ ಪ್ರತಿ ಅದು. 1340ರ ದಶಕದಲ್ಲಿ ಫ್ಲಾರೆನ್ಸಿನಲ್ಲಿಯೇ ಸಿದ್ಧವಾಯಿತು. ಬರೆಹದ ಅಂಕಣಗಳ ನಡುವೆ ಸುಮಾರು 250 ಚಿಕ್ಕ ಚಿತ್ರಗಳಿವೆ. ಪಚೀನೊ ದಿ ಬುವೊನಗ್ವಿದ ಎಂಬ ಚಿತ್ರಕಾರನ ಕಾರ್ಯಾಗಾರದಲ್ಲಿ ಇವು ರಚಿತವಾದುವೆಂದು ಕಲಾತಜ್ಞರ ಅಭಿಪ್ರಾಯ.

ವಿಲ್ಲಾನಿ ಪಂಡಿತನಲ್ಲ, ವರ್ತಕ. 1300ರ ಮಹೋತ್ಸವಕ್ಕಾಗಿ ರೋಮಿಗೆ ಯಾತ್ರೆ ಹೋದಾಗ, ರೋಮ್ ಕ್ಷೀಣಿಸುತ್ತಿದೆ, ಅದರ ಮಗಳಾದ ಫ್ಲಾರೆನ್ಸ್ ಏಳಿಗೆಗೆ ಬರುತ್ತಿದೆ ಎಂಬ ಭಾವನೆ ಅವನಲ್ಲಿ ಮೂಡಿತು. ಗ್ರಂಥರಚನೆಗೆ ಅದೇ ಪ್ರೇರಣೆಯೆಂದು ಅವನೇ ಹೇಳಿಕೊಂಡಿದ್ದಾನೆ. 1348ರ ಮಹಾಮಾರಿಯಲ್ಲಿ ತೀರಿಕೊಳ್ಳುವವರೆಗೂ ಅವನು ಬರೆಯುತ್ತಲೇ ಇದ್ದ.

ಅವನು ನಿರೂಪಿಸುವ ಕಥೆ ಹೀಗಿದೆ. ಅಟ್ಲಾಸ್ ಎಂಬ ಅರಸನು ಬೆಟ್ಟದ ಮೇಲೆ ಫಿಯೆಸೊಲೆಯನ್ನು ಕಟ್ಟಿದ. ಯೂರೋಪಿನ ಮೊತ್ತಮೊದಲ ನಗರ ಅದು. ಅವನ ಮಗ ದಾರ್ದನಸ್ ಪೂರ್ವಕ್ಕೆ ಹೋಗಿ ಟ್ರಾಯ್ ನಗರದ ಮೂಲಪುರುಷನಾದ. ಟ್ರಾಯ್ ಅಳಿದ ಮೇಲೆ ಅಲ್ಲಿಂದ ಬಂದವರ ಸಂತತಿಯೇ ರೋಮನ್ನು ಕಟ್ಟಿತು. ಅಂದರೆ ರೋಮಿನ ಬೇರು ಕೂಡ ಈ ಬೆಟ್ಟದಲ್ಲಿಯೇ ಇದ್ದಂತಾಯಿತು! ಮುಂದೆ ರೋಮಿನ ದ್ರೋಹಿ ಕತಿಲಿನನು ಫಿಯೆಸೊಲೆಯಲ್ಲಿ ಆಶ್ರಯ ಪಡೆದಾಗ, ಜೂಲಿಯಸ್ ಸೀಸರನು ಊರನ್ನು ಮುತ್ತಿ ಕೆಡವಿ, ಕೆಳಗಿನ ಬಯಲಿನಲ್ಲಿ ಫ್ಲಾರೆನ್ಸನ್ನು ಸ್ಥಾಪಿಸಿದನಂತೆ. ಹೊಸ ನಗರದಲ್ಲಿ ರೋಮನರನ್ನೂ ಸೋತ ಫಿಯೆಸೊಲೆಯವರನ್ನೂ ಒಟ್ಟಿಗೆ ನೆಲೆಗೊಳಿಸಲಾಯಿತು. ಕುಲೀನರು ಒಂದು ಕಡೆ, ಒರಟರು ಇನ್ನೊಂದು ಕಡೆ. ಇಂತಹ ಎರಡು ಜನದಿಂದ ಹುಟ್ಟಿದ ಊರಿನಲ್ಲಿ ಸದಾ ಕಲಹವಿರುವುದರಲ್ಲಿ ಆಶ್ಚರ್ಯವೇನು ಎಂಬುದು ವಿಲ್ಲಾನಿಯ ಅಭಿಪ್ರಾಯ.

ಇಲ್ಲಿಯೇ ಪುರಾಣದ ನಿಜವಾದ ಕೆಲಸ ಕಾಣುತ್ತದೆ. 1125ರಲ್ಲಿ ಫ್ಲಾರೆನ್ಸಿನವರು ನೆರೆಯ ಫಿಯೆಸೊಲೆಯನ್ನು ವಾಸ್ತವವಾಗಿ ಗೆದ್ದು ಹಾಳುಗೆಡವಿದ್ದರು. ಆ ಕೃತ್ಯಕ್ಕೆ ಸೀಸರನ ಕಥೆ ಪ್ರಾಚೀನವಾದೊಂದು ನಿದರ್ಶನವನ್ನು ಒದಗಿಸಿತು. ತಮ್ಮ ಕಾಲದ ಪಕ್ಷಕಲಹಗಳಿಗೆ ಕಾರಣವನ್ನೂ ಹೇಳಿಕೊಟ್ಟಿತು.

ಚಿತ್ರಗಳಲ್ಲಿ ಇದು ಇನ್ನೂ ಸ್ಪಷ್ಟ. ಗಾಥರ ದೊರೆ ತೋತಿಲನು ನಗರವನ್ನು ನಾಶಮಾಡುವ ದೃಶ್ಯವಿದೆ, ಬಳಿಕ ಅದರ ಪುನರ್ನಿರ್ಮಾಣದ ದೃಶ್ಯವೂ ಇದೆ. ತೋತಿಲನಾಗಲಿ, ಅವನೊಡನೆ ಜನ ಬೆರೆಸಿಕೊಂಡ ಹೂಣರ ಅಟ್ಟಿಲನಾಗಲಿ ಫ್ಲಾರೆನ್ಸನ್ನು ನಾಶಮಾಡಿದವರಲ್ಲ. ನಗರವು ಪುರಾತನ ಯುದ್ಧದೇವತೆಯಾದ ಮಾರ್ಸನ ವಶದಲ್ಲಿದ್ದಿತೆಂಬ ನಂಬಿಕೆಯೂ ಇತ್ತು. ನಮ್ಮ ಕುಜಗ್ರಹಕ್ಕೆ ಪಾಶ್ಚಾತ್ಯರಲ್ಲಿ ಈ ದೇವತೆಯದೇ ಹೆಸರು. ಆರ್ನೋ ನದಿಯ ಸೇತುವೆಯ ಬದಿಯಲ್ಲಿದ್ದ ಒಂದು ಸವೆದ ಶಿಲಾಮೂರ್ತಿಯನ್ನು ಅವನದೆಂದು ಜನ ಭಾವಿಸಿದ್ದರು. 1215ರ ಈಸ್ಟರ್ ದಿನ, ನಿಶ್ಚಯವಾದ ವಿವಾಹವನ್ನು ಮುರಿದ ಬುವೊಂದೆಲ್ಮೊಂತೆ ಎಂಬ ತರುಣನನ್ನು ಆ ಮೂರ್ತಿಯ ಬುಡದಲ್ಲಿಯೇ ಕೊಂದರು. ಊರಿನ ಗ್ವೆಲ್ಫ್, ಗಿಬೆಲ್ಲಿನ್ ಪಕ್ಷಗಳ ವೈರ ಅಂದಿನಿಂದ ಎಂದು ಹೇಳುತ್ತಾರೆ. ಈ ಕೊಲೆಯ ಚಿತ್ರವೂ ಹಸ್ತಪ್ರತಿಯಲ್ಲಿದೆ. 1333ರ ನವೆಂಬರಿನ ಮಹಾಪೂರವು ಸೇತುವೆಯನ್ನೂ ಮೂರ್ತಿಯನ್ನೂ ಕೊಚ್ಚಿಕೊಂಡು ಹೋಗಿತ್ತು. ಆದುದರಿಂದ ಚಿತ್ರಕಾರರು ನೆನಪಿನಲ್ಲಿ ಉಳಿದುದನ್ನಷ್ಟೇ ಬರೆದಿರಬೇಕು.

ವಿಲ್ಲಾನಿಯನ್ನು ಮುಗ್ಧನೆಂದು ತಳ್ಳಿಹಾಕುವುದು ಸಲ್ಲದು. 1338ರ ಸುಮಾರಿಗೆ ನಗರದಲ್ಲಿ 8,000ದಿಂದ 10,000 ಹುಡುಗ ಹುಡುಗಿಯರು ಓದು ಕಲಿಯುತ್ತಿದ್ದರೆಂದು ಲೆಕ್ಕ ಕೊಟ್ಟವನೂ ಅವನೇ. ಉಪಾಧ್ಯಾಯನಾಗಿದ್ದ ನನಗೆ ಅಟ್ಲಾಸನ ಕಥೆಗಿಂತ ಈ ಅಂಕಿಯೇ ಹೆಚ್ಚು ಅಚ್ಚರಿ ತಂದಿತು. ಒಂದೇ ಕೈ ಪುರಾಣವನ್ನೂ ಬರೆದಿದೆ, ಲೆಕ್ಕವನ್ನೂ ಬರೆದಿದೆ. ಇನ್ನು ಕಥೆಗಳು ಗ್ರಂಥಸ್ಥರ ಸೊತ್ತು ಮಾತ್ರವೂ ಆಗಿರಲಿಲ್ಲ. ಹಿಂದಿನ ಕಾಲದ ತಾಯಂದಿರು ನೂಲು ತೆಗೆಯುತ್ತ ಟ್ರಾಯ್, ಫಿಯೆಸೊಲೆ, ರೋಮುಗಳ ಕಥೆಗಳನ್ನು ಮನೆಮಂದಿಗೆ ಹೇಳುತ್ತಿದ್ದರೆಂದು ಕವಿ ಡಾಂಟೆ ತನ್ನ ಮಹಾಕಾವ್ಯದ ಸ್ವರ್ಗಕಾಂಡದಲ್ಲಿ ಸ್ಮರಿಸಿದ್ದಾನೆ.

ಹದಿನೈದನೆಯ ಶತಮಾನದಲ್ಲಿ ಲಿಯೊನಾರ್ಡೊ ಬ್ರೂನಿ ಎಂಬ ವಿದ್ವಾಂಸನು ಅಟ್ಲಾಸನನ್ನೂ ತೋತಿಲನನ್ನೂ ಕೈಬಿಟ್ಟ. ನಗರವನ್ನು ಕಟ್ಟಿದವರು ಸೀಸರನಿಗಿಂತ ಹಿಂದಿನ ಸುಲ್ಲನ ಸೈನಿಕರೆಂದು ಬರೆದ. ಪ್ರಾಚೀನ ಲೇಖಕರ ಆಧಾರ ಅದಕ್ಕಿತ್ತು, ನಿಜ. ಆದರೆ ಅದರಲ್ಲಿ ಬೇರೊಂದು ಅನುಕೂಲವೂ ಇತ್ತು: ಮಿಲಾನಿನ ಪ್ರಭುಗಳ ವಿರುದ್ಧ ತನ್ನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ್ದ ನಗರಕ್ಕೆ ಚಕ್ರವರ್ತಿಗಳ ರೋಮಿಗಿಂತ ಪ್ರಜೆಗಳ ರೋಮೇ ತಕ್ಕ ತಾಯಿ. ವಿಮರ್ಶೆಯೂ ಊರಿನ ಅಭಿಮಾನವೂ ಇಲ್ಲಿ ಒಂದೇ ಕಡೆ ಸೇರಿದುವು.

ಮಾರ್ಸನ ದೇಗುಲವೆಂದು ವಿಲ್ಲಾನಿ ನಂಬಿದ್ದ ದೀಕ್ಷಾಸ್ನಾನಮಂದಿರವು ನಿಜವಾಗಿ ಕ್ರೈಸ್ತರೇ ಕಟ್ಟಿದ್ದು. ಅದರ ತಳದಲ್ಲಿ ಅಗೆದಾಗ ರೋಮನರ ಕಾಲದ ಕಟ್ಟಡಗಳ ಅವಶೇಷಗಳು, ಬಣ್ಣದ ಹರಳುಗಳ ನೆಲಗಟ್ಟು ದೊರೆತಿವೆ. ಪ್ರವಾಹದ ಬಳಿಕ 1345ರಲ್ಲಿ ಪೂರ್ಣವಾದ ಹಳೆಯ ಸೇತುವೆ ಈಗಲೂ ನಿಂತಿದೆ. ಬುವೊಂದೆಲ್ಮೊಂತೆಯ ಕೊಲೆಯನ್ನು ಕುರಿತ ಡಾಂಟೆಯ ಪಂಕ್ತಿಗಳನ್ನು ಕೆತ್ತಿದ ಒಂದು ಫಲಕವನ್ನು ಅಲ್ಲಿ ಕಾಣಬಹುದು.