ಬೇಗೂರಿನ ಕಲ್ಲೂ ಇಂಗ್ಲೆಂಡಿನ ಕಟ್ಟಳೆಯೂ

ಕಮರ್ಷಿಯಲ್ ಸ್ಟ್ರೀಟಿನ ಜನಸಂದಣಿಯಲ್ಲಿ ನಡೆಯುವಾಗ, 1809ರಲ್ಲಿ ಇಂಗ್ಲಿಷರು ದಂಡನ್ನು ಸ್ಥಾಪಿಸಿದಂದಿನಿಂದಲೇ ಬೆಂಗಳೂರಿನ ಚರಿತ್ರೆಯು ಮೊದಲಾಯಿತೆಂಬ ಭ್ರಮೆಯು ನಮಗುಂಟಾಗುವುದು ಸಹಜ. ಆದರೆ ಈ ಬೀದಿಗೆ ಬಹುದೂರವಲ್ಲದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬೇಗೂರಿನಿಂದ ತಂದ ವೀರಗಲ್ಲೊಂದು ಸೇರಿದೆ. ಅದು ಕ್ರಿ. ಶ. 900ರ ಆಸುಪಾಸಿನದು. ಇಂಗ್ಲಿಷರ ಪೂರ್ವಿಕರಾದ ಆಂಗ್ಲೋ-ಸ್ಯಾಕ್ಸನರ ಪ್ರಸಿದ್ಧ ಅರಸು ಆಲ್ಫ್ರೆಡ್ ತೀರಿಕೊಂಡದ್ದು 899ರಲ್ಲಿ. ಒಂದೇ ಕಾಲದ ಈ ಎರಡು ನಾಡುಗಳಲ್ಲಿ, ಅರಸನಿಗಾಗಿ ಮಡಿದವನ ಋಣವು ಹೇಗೆ ತೀರುತ್ತಿತ್ತು ಎಂಬುದನ್ನು ವಿಚಾರಮಾಡೋಣ.

ಗಂಗರ ಎರೆಯಪ್ಪರಸನು ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದನು. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ಕಾಳಗವಾಯಿತು. ತನ್ನ ಪಡೆಯು ಕುಗ್ಗಿದಾಗ ನಾಗತ್ತರನು ಆನೆಗಳಿಗೆ ಎದುರಾಗಿ ಹೋರಿ ಮಡಿದನು. ಅರಸನು ನಾಗತ್ತರ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೇಗೂರು ಮೊದಲಾದ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟನು. ಬೇಗೂರಿನ ಇನ್ನೊಂದು ಶಾಸನದಲ್ಲಿ ‘ಬೆಂಗಳೂರ ಕಾಳಗ’ದ ಮಾತು ಬರುತ್ತದೆ, ನಮ್ಮ ಊರಿನ ಹೆಸರು ಮೊದಲಿಗೆ ಕಾಣಿಸುವುದೂ ಒಂದು ಸಾವಿನ ಸಂದರ್ಭದಲ್ಲಿಯೇ.

ಇಂಗ್ಲೆಂಡಿನಲ್ಲಿ ಒಡೆಯನು ಭಟನಿಗೆ ಕುದುರೆ, ಕತ್ತಿ, ಕವಚಗಳನ್ನು ಕೊಡುತ್ತಿದ್ದನು. ಭಟನು ಸತ್ತರೆ ಅವು ಒಡೆಯನಿಗೆ ಹಿಂದಿರುಗಬೇಕು. 1016ರಿಂದ 1035ರವರೆಗೆ ಆಳಿದ ಕನೂಟನ ಕಟ್ಟಳೆಯು, ಒಡೆಯನ ಮುಂದೆ ಕಾದಿ ಮಡಿದವನ ಮನೆಯವರಿಂದ ಅವನ್ನು ಕೇಳಕೂಡದೆಂದೂ, ಅವನ ಭೂಮಿಯು ವಾರಸುದಾರರಿಗೆ ಸಲ್ಲತಕ್ಕದ್ದೆಂದೂ ವಿಧಿಸಿತು. ಇಬ್ಬರಿಗೂ ಸಂಬಳ ಕೊಡುವ ಖಜಾನೆಗಿಂತ ಭೂಮಿಯೇ ಮುಖ್ಯ ಆಧಾರ. ಸೇವೆಯ ಬೆಲೆಯನ್ನು ಅದರಿಂದಲೇ ತೆರಬೇಕಾಗಿತ್ತು.

ಭೇದವೂ ಉಂಟು. ಇಂಗ್ಲಿಷರ ಕಟ್ಟಳೆಯು ಎಲ್ಲರಿಗೂ ಅನ್ವಯಿಸುವುದು, ಆದರೆ ಅದರಲ್ಲಿ ಸತ್ತವನ ಹೆಸರಿಲ್ಲ. ನಮ್ಮ ಕಲ್ಲು ಒಬ್ಬನನ್ನೇ ಕುರಿತದ್ದು, ಆದರೆ ಅವನ ಹೆಸರನ್ನು ಉಳಿಸಿತು. ಹೆಬ್ಬಾಳದಲ್ಲಿ ದೊರೆತ ಸುಮಾರು 750ರ ಕಲ್ಲು, ಶ್ರೀಪುರುಷನ ಕಾಲದಲ್ಲಿ ಮಡಿದ ಕಿತ್ತಯ್ಯನನ್ನು ಹೀಗೆಯೇ ನಮಗೆ ತಿಳಿಸುತ್ತದೆ.

ಹನ್ನೆರಡು ಹಳ್ಳಿಗಳ ಒಕ್ಕಲುಗಳ ಮಾತನ್ನು ಮಾತ್ರ ಆ ಕಲ್ಲು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿಯೂ ಕೊಲೆಗೆ ತೆರಬೇಕಾದ ದಂಡವು ಕುಲೀನ ಭಟನಿಗೆ 1200 ಷಿಲಿಂಗು, ಸಾಮಾನ್ಯ ರೈತನಿಗೆ 200. ಅರಸನ ಋಣವನ್ನು ಕೊನೆಗೆ ತೀರಿಸಿದವರು ನೇಗಿಲು ಹಿಡಿದವರೇ. ಮುಂದೆ ವೀರಗಲ್ಲೊಂದು ಕಣ್ಣಿಗೆ ಬಿದ್ದಾಗ, ಅದರಲ್ಲಿ ಕೆತ್ತಿದವನನ್ನು ನೆನೆಯುವ ನಾವು ಕೆತ್ತದೆ ಬಿಟ್ಟವರನ್ನೂ ನೆನೆಯುವುದು ಯುಕ್ತವಾಗಿದೆ.